ಸ್ಕೆಚ್ ಮತ್ತು ಕ್ಯಾರಿಕೇಚರ್: ಕರಾವಳಿಯ ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುವವನು. ಹೆಚ್ಚುಕಮ್ಮಿ 60 ಕಿಲೋಮೀಟರ್ ದಾರಿ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟುವಷ್ಟರಲ್ಲಿ ನಾಲ್ಕೈದು ಪುಟ ತುಂಬಿರುತ್ತದೆ. ಪಕ್ಕದ ಸೀಟಿನವರು ಮೊದಲು ಇಣುಕುತ್ತಾರೆ, ಆಮೇಲೆ ಮಾತಾಡಿಸುತ್ತಾರೆ. ಅವರು ಕೇಳಿದ್ದು, ಭಾನುವಾರ ಜೊತೆಗೆ ಕೂತು ಬಿಡಿಸುವ ಹೊಸಬರು ಕೇಳಿದ್ದು, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನಗೆ ಒಂದು ಗೆರೆ ಕೂಡ ನೆಟ್ಟಗೆ ಎಳೆಯಲು ಬರುವುದಿಲ್ಲ. ವಯಸ್ಸು ನಲವತ್ತು ದಾಟಿತು. ಈಗ ಶುರು ಮಾಡಿದರೆ ಬರುತ್ತಾ?

ಬರುತ್ತದೆ. ನಾನು ಶುರು ಮಾಡಿದ್ದು 38ನೇ ವಯಸ್ಸಿನಲ್ಲಿ. ಸ್ಕೆಚ್‌ಗೆ ನೆಟ್ಟಗಿನ ಗೆರೆ ಬೇಕಾಗುವುದೇ ಕಡಿಮೆ. ನಮ್ಮ ತೆಂಗಿನ ಮರ ಯಾವುದು ನೆಟ್ಟಗಿದೆ ಹೇಳಿ! ಹೆಸರು ಬರೆದು ಸಹಿ ಹಾಕುವ ಕೈ ಚಿತ್ರಕ್ಕೂ ಸಾಕು. ಕಲಿಯಬೇಕಾದದ್ದು ಕಣ್ಣು.

ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಕಣ್ಣು ಮುಚ್ಚಿ, ನಿಮ್ಮ ಮನೆಯವರ ಕಿವಿಯನ್ನು ನೆನಪು ಮಾಡಿಕೊಳ್ಳಿ. ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆಯಾ, ಬಿಡಿಯಾಗಿ ನೇತಾಡುತ್ತದೆಯಾ? ಹತ್ತು ಇಪ್ಪತ್ತು ವರ್ಷ ಜೊತೆಗಿದ್ದವರಿಗೂ ಥಟ್ಟನೆ ಹೇಳಲು ಆಗುವುದಿಲ್ಲ. ನಾವು ನೋಡುವುದು ಅಷ್ಟು ಕಡಿಮೆ. ಗೊತ್ತಿರುವ ಕಣ್ಣನ್ನು ಬಿಡಿಸುತ್ತೇವೆ: ಎಲೆಯ ಆಕಾರ, ನಡುವೆ ಒಂದು ಗೋಲಿ. ಎದುರಿಗಿರುವ ಕಣ್ಣು ಬೇರೆಯೇ ಇರುತ್ತದೆ. ಆ ಎದುರಿಗಿರುವುದನ್ನು ನೋಡುವ ಅಭ್ಯಾಸಕ್ಕೆ ವಯಸ್ಸಿನ ಹಂಗಿಲ್ಲ.

ಸ್ಕೆಚ್, ಕ್ಯಾರಿಕೇಚರ್, ಕಾರ್ಟೂನ್, ಇವೆಲ್ಲ ಒಂದೇ ಅಲ್ವಾ?

ಅಲ್ಲ. ಸ್ಕೆಚ್ ಅಂದರೆ ಕಂಡದ್ದನ್ನು ಬೇಗ ಬೇಗ ಗೆರೆಯಲ್ಲಿ ಹಿಡಿಯುವುದು. ಕಾರ್ಟೂನಿನಲ್ಲಿ ಒಂದು ವಿಷಯ ಇರುತ್ತದೆ, ಹೇಳುವ ಮಾತು ಇರುತ್ತದೆ, ಅದರಲ್ಲಿ ಯಾರದೇ ಮುಖ ಇರಲೇಬೇಕು ಅಂತಿಲ್ಲ. ಕ್ಯಾರಿಕೇಚರ್ ಮಾತ್ರ ಒಬ್ಬ ನಿರ್ದಿಷ್ಟ ಮನುಷ್ಯನದು. ಅವನ ಮುಖ, ನಿಲುವುಗಳಲ್ಲಿ ಎದ್ದು ಕಾಣುವುದನ್ನು ಇನ್ನೂ ಎತ್ತಿ, ಉಳಿದದ್ದನ್ನು ತಗ್ಗಿಸಿ ತೋರಿಸುವುದು. ಹಾಗೆ ಮಾಡಿದರೂ ಅವನೇ ಅಂತ ಗುರುತು ಸಿಗಬೇಕು.

ಆ ಪದ ಬಂದದ್ದು ಇಟಲಿಯಿಂದ. 'ಕ್ಯಾರಿಕಾರೆ' ಅಂದರೆ ಅವರ ಭಾಷೆಯಲ್ಲಿ ಭಾರ ಹೇರುವುದು. 16ನೇ ಶತಮಾನದ ಕೊನೆಯಲ್ಲಿ ಬೊಲೊನ್ಯಾ ಊರಿನ ಅನ್ನಿಬಾಲೆ ಕರಾಚಿ ಮತ್ತು ಅವರ ಜೊತೆಗಿದ್ದ ಕಲಾವಿದರು, ದೊಡ್ಡ ದೊಡ್ಡ ಚಿತ್ರಗಳ ಕೆಲಸದ ನಡುವೆ, ಬಿಡುವಿನಲ್ಲಿ ಇಂಥ ಮುಖಗಳನ್ನು ಬಿಡಿಸುತ್ತಿದ್ದರು. ಕನ್ನಡದಲ್ಲಿ ಕಾರ್ಟೂನಿಗೂ ಕ್ಯಾರಿಕೇಚರ್‌ಗೂ 'ವ್ಯಂಗ್ಯಚಿತ್ರ' ಅನ್ನುವ ಒಂದೇ ಮಾತು ಓಡುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿಂದ.

ಏನೇನು ಕೊಳ್ಳಬೇಕು?

ಒಂದು 2ಬಿ ಪೆನ್ಸಿಲ್, ಒಂದು ಬಾಲ್ ಪೆನ್, ಅಂಗೈಗಿಂತ ಸ್ವಲ್ಪ ದೊಡ್ಡದಾದ ಗಟ್ಟಿ ರಟ್ಟಿನ ಪುಸ್ತಕ. ಮೊದಲ ಮೂರು ತಿಂಗಳಿಗೆ ಇಷ್ಟು ಸಾಕು. ಪೆನ್ಸಿಲಿನ ಮೇಲಿನ 'ಎಚ್' ಗಟ್ಟಿತನದ ಗುರುತು, 'ಬಿ' ಕಪ್ಪಿನ ಗುರುತು. ಕಡ್ಡಿಯೊಳಗೆ ಗ್ರಾಫೈಟ್ ಜೊತೆ ಜೇಡಿಮಣ್ಣು ಬೆರೆಸಿರುತ್ತಾರೆ. ಮಣ್ಣು ಜಾಸ್ತಿಯಾದಷ್ಟು ಗೆರೆ ಗಟ್ಟಿ ಮತ್ತು ತಿಳಿ, ಗ್ರಾಫೈಟ್ ಜಾಸ್ತಿಯಾದಷ್ಟು ಮೆತ್ತಗೆ ಮತ್ತು ಕಪ್ಪು. ಅಪ್ಸರಾ, ನಟರಾಜ, ಕ್ಯಾಮ್ಲಿನ್, ಡೋಮ್ಸ್, ಯಾವುದಾದರೂ ಆಗುತ್ತದೆ. ಕಾಗದ 110 ಜಿಎಸ್‌ಎಂ ಮೇಲಿದ್ದರೆ ಒಳ್ಳೆಯದು (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು). ಜೆರಾಕ್ಸಿನ ಹಾಳೆ 70-75 ಜಿಎಸ್‌ಎಂ, ನಮ್ಮ ಊರಿನ ಸೆಕೆಗೆ ಕೈಯ ಬೆವರು ತಾಗಿದರೆ ಅದು ಮುದುಡುತ್ತದೆ. ಜಲವರ್ಣಕ್ಕೆ ಇಳಿದಾಗ 300 ಜಿಎಸ್‌ಎಂ ತೆಗೆದುಕೊಳ್ಳಿ.

ರಬ್ಬರ್ ಬೇಡ. ನಿಜವಾಗಿಯೂ ಬೇಡ. ರಬ್ಬರ್ ಕೈಯಲ್ಲಿದ್ದರೆ ಹತ್ತು ನಿಮಿಷದಲ್ಲಿ ಒಂದೇ ಮೂಗು ಆರು ಸಲ ಬಿಡಿಸುತ್ತೀರಿ. ಇಲ್ಲದಿದ್ದರೆ ಅದೇ ಹೊತ್ತಿನಲ್ಲಿ ಆರು ಜನರ ಮೂಗು ಬಿಡಿಸಿರುತ್ತೀರಿ. ಈ ಕಾರಣಕ್ಕೇ ನಾನು ಹೊಸಬರ ಕೈಗೆ ಮೊದಲು ಬಾಲ್ ಪೆನ್ ಕೊಡುತ್ತೇನೆ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು?

ಇಪ್ಪತ್ತು ನಿಮಿಷ. ಆದರೆ ದಿನಾ. ಭಾನುವಾರ ನಾಲ್ಕು ಗಂಟೆ ಕೂತು ಉಳಿದ ಆರು ದಿನ ಪುಸ್ತಕ ಮುಟ್ಟದಿದ್ದರೆ ಪ್ರತಿ ಭಾನುವಾರವೂ ಮೊದಲಿನಿಂದ ಶುರು ಮಾಡಿದ ಹಾಗೆ ಆಗುತ್ತದೆ.

ಆ ಇಪ್ಪತ್ತು ನಿಮಿಷವನ್ನು ಹೀಗೆ ಕಳೆಯಬಹುದು. ಮೊದಲ ಐದು ನಿಮಿಷ ಕಾಗದ ನೋಡದೆ ಬಿಡಿಸಿ. ಕಣ್ಣು ಎದುರಿನ ವಸ್ತುವಿನ ಅಂಚಿನ ಮೇಲೆ ಇರುವೆಯ ಹಾಗೆ ನಿಧಾನ ಸಾಗಲಿ, ಕೈ ಅದೇ ವೇಗದಲ್ಲಿ ಕಾಗದದ ಮೇಲೆ ಸಾಗಲಿ. ಚಿತ್ರ ವಕ್ರವಾಗಿ ಬರುತ್ತದೆ, ಬರಲಿ. ಆ ಐದು ನಿಮಿಷದಲ್ಲಿ ನೋಡಿದಷ್ಟು ಗಮನವಿಟ್ಟು ಆ ವಸ್ತುವನ್ನು ನೀವು ಯಾವತ್ತೂ ನೋಡಿರುವುದಿಲ್ಲ. ಮುಂದಿನ ಹತ್ತು ನಿಮಿಷ ಮನುಷ್ಯರ ಭಂಗಿ, ಒಂದೊಂದಕ್ಕೆ ಅರ್ಧ ನಿಮಿಷ ಮಾತ್ರ. ಕಣ್ಣು ಮೂಗು ಬೇಡ. ತಲೆ ಎಲ್ಲಿ, ಬೆನ್ನು ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಇಷ್ಟೇ. ಉಳಿದ ಐದು ನಿಮಿಷ ನಿಮಗೆ ಇಷ್ಟ ಬಂದದ್ದು.

ಬಸ್ಸಿನ ಕುಲುಕಾಟದಲ್ಲಿ ಹೇಗೆ ಬಿಡಿಸುತ್ತೀರಿ?

ಮೊಣಕೈಯನ್ನು ಪಕ್ಕೆಗೆ ಒತ್ತಿ, ಪುಸ್ತಕವನ್ನು ಎಡ ಅಂಗೈಯಲ್ಲಿ ಹಿಡಿದುಕೊಂಡರೆ ಪುಸ್ತಕ ಮತ್ತು ಕೈ ಎರಡೂ ಒಟ್ಟಿಗೆ ಅಲುಗಾಡುತ್ತವೆ. ತೊಡೆಯ ಮೇಲಿಟ್ಟರೆ ಒಂದು ಅತ್ತ, ಒಂದು ಇತ್ತ. ಸ್ಟಾಪ್ ಬಂದು ಬಸ್ಸು ನಿಂತಾಗ ಕಣ್ಣಿನಂಥ ನಾಜೂಕಿನ ಭಾಗ ಬಿಡಿಸಿ. ಓಡುವಾಗ ಶರ್ಟು, ಕೂದಲು, ಸೀಟಿನ ಕಂಬಿ ಬಿಡಿಸಿ. ಅಲ್ಲಿ ಗೆರೆ ನಡುಗಿದರೂ ಚಂದವೇ.

ಮಂಗಳೂರು, ಉಡುಪಿಯಲ್ಲಿ ಕೂತು ಬಿಡಿಸಲು ಒಳ್ಳೆಯ ಜಾಗ ಯಾವುದು?

ಇದಕ್ಕೆ ಉತ್ತರ ಹೇಳುವಾಗ ನನಗೆ ಎಲ್ಲಿಲ್ಲದ ಖುಷಿ. ನಮ್ಮ ಎರಡೂ ಊರು ಸ್ಕೆಚ್ ಮಾಡುವವರಿಗೆ ಹೇಳಿ ಮಾಡಿಸಿದ ಹಾಗಿವೆ.

ಮನುಷ್ಯರ ಭಂಗಿ ಕಲಿಯಬೇಕಾದರೆ ಮೀನು ಮಾರ್ಕೆಟ್ಟಿಗೆ ಹೋಗಿ. ಬೆಳಿಗ್ಗೆ ಏಳೂವರೆಗೆ. ಒಂದು ವಾರ ನಾನು ಒಂದೇ ಒಂದು ಚಲನೆಯನ್ನು ಬಿಡಿಸಲು ಹೋಗಿದ್ದೆ. ಗಿರಾಕಿ ಬಗ್ಗಿ "ತಾಜಾ ಉಂಟಾ?" ಅಂತ ಕೇಳುತ್ತಾರೆ. ಮಾರುವ ಹೆಂಗಸು ಮಾತಾಡುವುದಿಲ್ಲ. ಬುಟ್ಟಿಯಿಂದ ಒಂದು ಬಂಗುಡೆ ಎತ್ತಿ, ಹೆಬ್ಬೆರಳಿನಿಂದ ಕಿವಿರನ್ನು ಬಿಡಿಸಿ, ಒಳಗಿನ ಕೆಂಪು ತೋರಿಸಿ, ಮುಖ ಬೇರೆ ಕಡೆ ತಿರುಗಿಸಿಬಿಡುತ್ತಾರೆ. ಕೈ ಗಿರಾಕಿಯ ಕಡೆ, ಮುಖ ಇನ್ನೊಂದು ಕಡೆ. ಆ ತಿರುವಿನಲ್ಲೇ 'ಬೇಕಾದರೆ ತಕ್ಕೊ' ಅನ್ನುವ ಗತ್ತು ಇದೆ. ಎರಡು ಸೆಕೆಂಡಿನ ಆಟ. ಅದು ನನ್ನ ಕಾಗದಕ್ಕೆ ಇಳಿಯಲು ಐದು ಬೆಳಿಗ್ಗೆ ಬೇಕಾಯಿತು. ಭುಜದಿಂದ ಶುರು ಮಾಡಿದ ದಿನ ಸಿಕ್ಕಿತು. ಅದಕ್ಕೆ ಮೊದಲು ಮುಖದಿಂದ ಶುರು ಮಾಡುತ್ತಿದ್ದೆ.

ಕದಲದ ವಸ್ತು ಬೇಕಾದರೆ ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲೇ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಕೂತು ಬಿಡಿಸಲು ಸೂರು ಹುಡುಕಿಕೊಳ್ಳಬೇಕು, ಯಾಕೆಂದರೆ ಮಳೆಯೂ ಅದೇ ಹೊತ್ತಿನಲ್ಲಿ. ಮಳೆಗಾಲ ಮುಗಿದ ಮೇಲೆ ಮಲ್ಪೆಯಿಂದಲೇ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟು ಹೋಗುತ್ತದೆ. ಲಾವಾ ತಣಿದು ಬಿರುಕು ಬಿಟ್ಟು ಆದ ಕಲ್ಲಿನ ಕಂಬಗಳು ಅಲ್ಲಿವೆ, ಹೆಚ್ಚಿನವು ಐದಾರು ಮುಖದವು. ಬೆಳಕು ಯಾವ ಮುಖದ ಮೇಲೆ, ನೆರಳು ಯಾವ ಮುಖದ ಮೇಲೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಮಂಗಳೂರಿನಲ್ಲಿ ನನಗೆ ಇಷ್ಟದ ಜಾಗ ಹಳೇ ಬಂದರಿನ ರಸ್ತೆಗಳು. ಹಂಚಿನ ಮಾಡು, ಮರದ ಬಾಗಿಲು, ಗೋಣಿ ಹೊತ್ತವರು. ಬಾಸೆಲ್ ಮಿಶನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರಿನ ಆಕಾಶದ ಗೆರೆಯೇ ಬದಲಾಯಿತು. ಹಂಚು ಬಿಡಿಸುವಾಗ ಒಂದೊಂದನ್ನೂ ಬಿಡಿಸಲು ಹೋಗಬೇಡಿ. ಮಾಡಿನ ಇಳಿಜಾರಿನ ಗೆರೆ ಹಾಕಿ, ಅಂಚಿನಲ್ಲಿ ಹತ್ತು ಹಂಚು ಬಿಡಿಸಿ, ಉಳಿದದ್ದನ್ನು ನೋಡುವವರ ಕಣ್ಣಿಗೆ ಬಿಡಿ. ಸುಲ್ತಾನ್ ಬತ್ತೇರಿ ಅನ್ನುವ ಹಳೇ ಕಾವಲು ಗೋಪುರದ ಮೇಲೆ ಕೂತರೆ ಹೊಳೆ, ದೋಣಿ, ಆಚೆ ದಡದ ತಣ್ಣೀರುಬಾವಿಯ ಮರಗಳು. ಕದ್ರಿ ಪಾರ್ಕಿನಲ್ಲಿ ಸಂಜೆ ವಾಕಿಂಗ್ ಮಾಡುವವರು ಒಂದೇ ದಾರಿಯಲ್ಲಿ ಸುತ್ತು ಹಾಕುತ್ತಾರೆ. ಒಬ್ಬರ ನಡಿಗೆ ತಪ್ಪಿದರೆ ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಬರುತ್ತಾರೆ, ಇನ್ನೊಂದು ಸಲ ಪ್ರಯತ್ನಿಸಬಹುದು.

ಉಡುಪಿಯ ರಥಬೀದಿಯನ್ನು ನಾನು ಹೊಸಬರಿಗೆ ಮೊದಲ ತಿಂಗಳೇ ಹೇಳುವುದಿಲ್ಲ. ರಥದ ಮೇಲಿನ ಗುಂಡು ಗೋಪುರ, ಕೆಳಗಿನ ಕೆತ್ತನೆ ಎರಡೂ ಮೈಮರೆಸುತ್ತವೆ, ಆದರೆ ಕಷ್ಟ. ಮೊದಲು ಅಲ್ಲಿನ ಮಠಗಳ ಜಗಲಿಯಲ್ಲಿ ಕೂತವರನ್ನು ಬಿಡಿಸಿ.

ಜನ ಸುತ್ತ ನಿಂತು ನೋಡುತ್ತಾರೆ. ಮುಜುಗರ ಆಗುತ್ತದೆ.

ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ, ಹಿಂದೆ ಯಾರೂ ನಿಲ್ಲಲು ಆಗುವುದಿಲ್ಲ. ಚಿಕ್ಕ ಪುಸ್ತಕ ಇರಲಿ. ಮಕ್ಕಳು ಬಂದರೆ ಒಂದು ಪುಟ ಕೊಟ್ಟು ಅವರ ಕೈಯಲ್ಲೂ ಬಿಡಿಸಿ. ಒಂದು ತಿಂಗಳಲ್ಲಿ ಮುಜುಗರ ಹೋಗುತ್ತದೆ.

ಗುರುತಿಲ್ಲದವರನ್ನು ಕೇಳದೆ ಬಿಡಿಸಬಹುದಾ?

ಗುಂಪಿನ ನಡುವೆ, ದೂರದಿಂದ, ಭಂಗಿ ಮಾತ್ರ ಬಿಡಿಸುವಾಗ ನಾನು ಕೇಳುವುದಿಲ್ಲ. ಮುಖ ಗುರುತು ಸಿಗುವ ಹಾಗೆ ಬಿಡಿಸಬೇಕಾದರೆ ಕೇಳುತ್ತೇನೆ. ಯಾರಾದರೂ ನೋಡಿ ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಹೆಂಗಸರನ್ನು, ಮಕ್ಕಳನ್ನು ದಿಟ್ಟಿಸಿ ನೋಡುತ್ತಾ ಕೂರುವುದು ಸರಿಯಲ್ಲ, ಕೈಯಲ್ಲಿ ಪೆನ್ಸಿಲ್ ಇದೆ ಅಂದ ಮಾತ್ರಕ್ಕೆ ಅದು ಸರಿಯಾಗುವುದೂ ಇಲ್ಲ. ಆಸ್ಪತ್ರೆ, ಸಾವಿನ ಮನೆ, ದೈವದ ನೇಮದ ಜಾಗಗಳಲ್ಲಿ ಅಲ್ಲಿನ ಹಿರಿಯರ ಮಾತೇ ಕೊನೆ. ಬೇಡ ಅಂದರೆ ಪುಸ್ತಕ ಚೀಲದೊಳಗೆ.

ಮುಖ ಬಿಡಿಸಲು ಏನಾದರೂ ಲೆಕ್ಕ ಇದೆಯಾ?

ಇದೆ. ಅದನ್ನು ಮೊದಲು ಕೈಗೆ ಹತ್ತಿಸಿಕೊಳ್ಳಿ. ನೆತ್ತಿಯಿಂದ ಗಲ್ಲದವರೆಗಿನ ಎತ್ತರದ ಸರಿಯಾಗಿ ಅರ್ಧಕ್ಕೆ ಕಣ್ಣು ಬರುತ್ತದೆ. ಹೊಸಬರು ಎಲ್ಲರೂ ಕಣ್ಣನ್ನು ಮೇಲಕ್ಕೆ ಹಾಕಿ ಹಣೆಯನ್ನು ಕಳೆದುಬಿಡುತ್ತಾರೆ. ಮುಖದ ಅಗಲಕ್ಕೆ ಐದು ಕಣ್ಣು ಹಿಡಿಯುತ್ತವೆ, ಎರಡು ಕಣ್ಣಿನ ನಡುವಿನ ಜಾಗ ಒಂದು ಕಣ್ಣಿನಷ್ಟು. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ. ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳು, ಏಳೂವರೆ ಪಾಲು. ಚಿಕ್ಕ ಮಕ್ಕಳದು ನಾಲ್ಕು ಐದು ಪಾಲು.

ಇದು ಸರಾಸರಿ ಮುಖ. ಬಸ್ಸಿನಲ್ಲಿ ಹುಡುಕಿದರೆ ಇಂಥ ಮುಖ ಒಂದೂ ಸಿಗುವುದಿಲ್ಲ. ಎದುರಿಗಿರುವವರು ಈ ಲೆಕ್ಕದಿಂದ ಎಲ್ಲಿ ಎಷ್ಟು ತಪ್ಪುತ್ತಾರೆ ಅನ್ನುವುದರಲ್ಲೇ ಅವರ ಗುರುತು ಅಡಗಿರುವುದು.

ಕ್ಯಾರಿಕೇಚರ್ ಅಂದರೆ ಮೂಗು ದೊಡ್ಡದು ಮಾಡುವುದು ಅಲ್ವಾ? ಏನನ್ನು ದೊಡ್ಡದು ಮಾಡಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಮೇಲೆ ಹೇಳಿದ ಮಾತಿನಿಂದಲೇ ಶುರು ಮಾಡೋಣ. ಸರಾಸರಿ ಮುಖ ಒಂದು, ಎದುರಿನ ಮುಖ ಒಂದು. ಎರಡರ ನಡುವಿನ ವ್ಯತ್ಯಾಸ ನೋಡಿ, ಆ ವ್ಯತ್ಯಾಸವನ್ನು ಹೆಚ್ಚಿಸಿದರೆ ಕ್ಯಾರಿಕೇಚರ್. 1982ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೂಸನ್ ಬ್ರೆನನ್ ಇದೇ ಲೆಕ್ಕವನ್ನು ಇಟ್ಟುಕೊಂಡು ತಾನಾಗಿ ಕ್ಯಾರಿಕೇಚರ್ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿದರು. ಮೂಗು ಸಾಮಾನ್ಯವಾಗಿರುವವರ ಮೂಗನ್ನು ದೊಡ್ಡದು ಮಾಡಿದರೆ ಅದು ಬೇರೆ ಯಾರೋ ಆಗುತ್ತಾರೆ, ಅಷ್ಟೇ.

ಆದರೆ ಲೆಕ್ಕ ಅರ್ಧ ದಾರಿ. ನನಗೆ ಇದು ಅರ್ಥವಾದದ್ದು ನಮ್ಮ ಬಸ್ಸಿನ ಕಂಡಕ್ಟರಿಂದ. ಅವರದು ತೀರಾ ಸಾಧಾರಣ ಮುಖ. ಮೂಗು, ಕಣ್ಣು, ಬಾಯಿ ಯಾವುದೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಎರಡು ತಿಂಗಳು ಬಿಡಿಸಿದರೂ ಸಿಗಲಿಲ್ಲ. ಒಂದು ದಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ, ಅವರ ಮುಖ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದರು. ಬೆನ್ನು ಕಂಬಿಗೆ, ಕುತ್ತಿಗೆ ಮುಂದಕ್ಕೆ, ಕೊಕ್ಕರೆ ನೀರು ನೋಡುವ ಹಾಗೆ. ಎಡಗೈ ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟುಗಳು, ಹತ್ತರದ್ದು ಒಂದು ಬೆರಳಿಗೆ, ಇಪ್ಪತ್ತರದ್ದು ಇನ್ನೊಂದಕ್ಕೆ. ಬಾಯಲ್ಲಿ ಸೀಟಿ. ಸ್ಟಾಪ್ ಹತ್ತಿರ ಬಂದಾಗ ಗಲ್ಲ ಇನ್ನೂ ಎರಡು ಅಂಗುಲ ಮುಂದೆ ಹೋಯಿತು. ಅಲ್ಲಿ ಇದ್ದರು ಅವರು! ಆ ಕುತ್ತಿಗೆಯನ್ನು ಇದ್ದದ್ದಕ್ಕಿಂತ ದುಪ್ಪಟ್ಟು ಉದ್ದ ಮಾಡಿದೆ, ನೋಟುಗಳನ್ನು ಬೀಸಣಿಗೆಯಷ್ಟು ಅಗಲ ಮಾಡಿದೆ, ಕಣ್ಣಿಗೆ ಎರಡು ಚುಕ್ಕಿ ಇಟ್ಟೆ. ಎಂಟು ಹತ್ತು ಗೆರೆ ಇರಬಹುದು. ಪಕ್ಕದವರು ನೋಡಿದ ಕೂಡಲೇ ನಕ್ಕು ಬಾಗಿಲ ಕಡೆ ಬೆರಳು ತೋರಿಸಿದರು.

ಅದಕ್ಕೇ ನಾನು ಹೇಳುವುದು: ಪೆನ್ಸಿಲ್ ಎತ್ತುವ ಮೊದಲು ಐದು ನಿಮಿಷ ಸುಮ್ನೆ ನೋಡಿ. ಆ ಮನುಷ್ಯನನ್ನು ಬೆನ್ನ ಹಿಂದಿನಿಂದ, ದೂರದಿಂದ, ಕತ್ತಲಲ್ಲಿ ಹೇಗೆ ಗುರುತು ಹಿಡಿಯುತ್ತೀರಿ ಅಂತ ಯೋಚಿಸಿ. ಅಲ್ಲಿ ಹೊಳೆದದ್ದನ್ನು ದೊಡ್ಡದು ಮಾಡಿ. ಒಂದನ್ನು ದೊಡ್ಡದು ಮಾಡಿದಾಗ ಇನ್ನೊಂದನ್ನು ಚಿಕ್ಕದು ಮಾಡಲೇಬೇಕು. ಹಣೆ ಏರಿದರೆ ಗಲ್ಲ ಕುಗ್ಗಲಿ. ಎಲ್ಲವೂ ದೊಡ್ಡದಾದರೆ ಏನೂ ದೊಡ್ಡದಾಗಿ ಕಾಣುವುದಿಲ್ಲ.

ಯಕ್ಷಗಾನ ನೋಡುತ್ತಾ ಸ್ಕೆಚ್ ಮಾಡಬಹುದಾ?

ಖಂಡಿತ. ನಮ್ಮ ಕಡೆಯವರಿಗೆ ಉತ್ಪ್ರೇಕ್ಷೆಯ ಪಾಠ ಹೇಳಿಕೊಡಲು ಇಟಲಿಯವರೇ ಬೇಕಾಗಿಲ್ಲ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನ ಹಾಗೆ ಚಿಟ್ಟಿ ಇಡುತ್ತಾರೆ. ಮುಖದ ಅಂಚು ಎಲ್ಲಿ ಮುಗಿಯಿತು, ಕಿರೀಟ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಒಬ್ಬ ಸಾಮಾನ್ಯ ಎತ್ತರದ ಮನುಷ್ಯ ರಂಗಸ್ಥಳವನ್ನೇ ತುಂಬುತ್ತಾನೆ. ರಾಕ್ಷಸನ ಸ್ವಭಾವವನ್ನು ಆಕಾರಕ್ಕೆ ತರುವುದು ಅಂದರೆ ಇದು. ಬಡಗು (ಉತ್ತರದ) ಶೈಲಿಯಲ್ಲಿ ತಲೆಗೆ ಕಟ್ಟುವ ಮುಂಡಾಸು, ಕೇದಗೆ ಮುಂದಲೆಗಳು ಕೂಡ ತಲೆಯ ಆಕಾರವನ್ನೇ ಬೇರೆ ಮಾಡುತ್ತವೆ.

ಮೊದಲ ಆಟದಲ್ಲಿ ವೇಷದ ವಿವರಕ್ಕೆ ಹೋಗಬೇಡಿ. ಚೆಂಡೆಯ ಪೆಟ್ಟಿಗೆ ಸರಿಯಾಗಿ ಒಂದೊಂದು ಗೆರೆ ಎಳೆಯಿರಿ. ಭಾಗವತರ ಪದ್ಯ ನಿಂತು ಅರ್ಥಗಾರಿಕೆ ಶುರುವಾದಾಗ ವೇಷಧಾರಿ ಹೆಚ್ಚು ಕದಲುವುದಿಲ್ಲ, ಆಗ ಕಿರೀಟ, ಆಭರಣ ನೋಡಿ. ವೇಷ ಹಾಕಿಕೊಳ್ಳುವ ಚೌಕಿಗೆ ಹೋಗಲು ಒಪ್ಪಿಗೆ ಸಿಕ್ಕರೆ ಅದು ಭಾಗ್ಯ. ಪೆಟ್ಟಿಗೆಯ ಮುಂದೆ ಕೂತು ಕನ್ನಡಿ ಹಿಡಿದು ತಮ್ಮ ಮುಖವನ್ನು ತಾವೇ ಬರೆಯುವ ಆ ಕೈಗಳನ್ನು ನೋಡಿದರೆ ಗೆರೆಯ ಬಗ್ಗೆ ತುಂಬ ತಿಳಿಯುತ್ತದೆ. ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಗೆ, ತುಳುನಾಡಿನವರು ಪತ್ತನಾಜೆ ಅನ್ನುವ ದಿನಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಎರಡು ಪುಸ್ತಕ ತುಂಬಿಸಬಹುದು. ಅಷ್ಟಮಿ ಮತ್ತು ದಸರೆಗೆ ಹುಲಿವೇಷಗಳು ಇವೆ, ಆದರೆ ಅವು ಒಂದು ಕ್ಷಣ ನಿಲ್ಲುವುದಿಲ್ಲ. ತಾಸೆಯ ಸದ್ದು ನಿಂತು ಅವರು ಸೋಡಾ ಕುಡಿಯುವಾಗ ಬಿಡಿಸಿ.

ನಾನು ಬಿಡಿಸಿದ್ದು ನೋಡಿ ಒಬ್ಬರಿಗೆ ಬೇಸರವಾಯಿತು. ಏನು ಮಾಡಲಿ?

ಕ್ಷಮೆ ಕೇಳಿ, ಚಿತ್ರವನ್ನು ಯಾರಿಗೂ ತೋರಿಸಬೇಡಿ. ನಾನು ಇದನ್ನು ನೋವಿನಿಂದ ಕಲಿತೆ. ಕೆಲಸದ ಜಾಗದಲ್ಲಿ ಒಬ್ಬರು "ನನ್ನದೂ ಬಿಡಿಸಿ" ಅಂತ ಕೇಳಿದರು. ಮುಂದಿನ ಹಲ್ಲು ಸ್ವಲ್ಪ ಎದ್ದಿದ್ದವು. ನಾನು ಅದನ್ನೇ ಹಿಡಿದೆ. ಸುತ್ತ ಇದ್ದವರೆಲ್ಲ ನಕ್ಕರು. ಅವರೂ ನಕ್ಕರು, ಆದರೆ ಕೈ ಬಾಯಿಗೆ ಅಡ್ಡ ಬಂತು. ಆಮೇಲೆ ಎಷ್ಟೋ ದಿನ ಅವರು ನಗುವಾಗೆಲ್ಲ ಆ ಕೈ ಬಾಯಿಗೆ ಹೋಗುವುದನ್ನು ನೋಡಿದ್ದೇನೆ. ಅದಕ್ಕೆ ಕಾರಣ ನಾನು.

ಈಗ ನನ್ನ ನಿಯಮ ಹೀಗಿದೆ. ಮನುಷ್ಯ ತಾನಾಗಿ ಆರಿಸಿಕೊಂಡದ್ದನ್ನು ಎಷ್ಟು ಬೇಕಾದರೂ ಹಿಗ್ಗಿಸುತ್ತೇನೆ: ಮೀಸೆ, ಕೇಶಶೈಲಿ, ಕನ್ನಡಕ, ನಡೆಯುವ ಗತ್ತು, ಅಂಗಿಯ ತೋಳು ಮಡಚುವ ರೀತಿ. ಹುಟ್ಟಿನಿಂದ ಬಂದದ್ದನ್ನು, ಮುಖ್ಯವಾಗಿ ಅವರು ಮುಚ್ಚಿಕೊಳ್ಳುವುದನ್ನು ಮುಟ್ಟುವುದಿಲ್ಲ. ಮೈಬಣ್ಣವನ್ನಂತೂ ತಮಾಷೆಯ ವಸ್ತು ಮಾಡುವುದೇ ಇಲ್ಲ. ಅಧಿಕಾರದಲ್ಲಿ ಇರುವವರ ವಿಷಯದಲ್ಲಿ ಕಾರ್ಟೂನಿಸ್ಟರಿಗೆ ಇನ್ನೂ ಹೆಚ್ಚು ಸ್ವಾತಂತ್ರ್ಯ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಪಕ್ಕದ ಮೇಜಿನವರು ಮಂತ್ರಿಯಲ್ಲ.

ರಾಜಕಾರಣಿಗಳ ಕ್ಯಾರಿಕೇಚರ್ ಹಾಕಿದರೆ ಕೇಸ್ ಆಗುತ್ತದಾ?

ಬರೀ ಮುಖ ಹಿಗ್ಗಿಸಿದ್ದಕ್ಕೆ ಅಪರಾಧ ಆಗುವುದಿಲ್ಲ. ಚಿತ್ರದ ಮೂಲಕ ಸುಳ್ಳು ಆರೋಪ ಹೊರಿಸಿ ಮರ್ಯಾದೆ ಕಳೆದರೆ ಮಾನಹಾನಿಯ ಪ್ರಶ್ನೆ ಬರುತ್ತದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಈ ಜಗಳ ಹಳೆಯದು. ಫ್ರಾನ್ಸಿನ ಓನೋರೆ ದೋಮಿಯೆ ತಮ್ಮ ರಾಜನನ್ನು ಹೊಟ್ಟೆಬಾಕನ ಹಾಗೆ ಬಿಡಿಸಿ 1832ರಲ್ಲಿ ಜೈಲಿಗೆ ಹೋಗಿದ್ದರು. ಹವ್ಯಾಸಿಗಳಿಗೆ ನನ್ನ ಸಲಹೆ: ಮೊದಲು ಮುಖ ಕಲಿಯಿರಿ, ಹೇಳುವ ಮಾತು ಗಟ್ಟಿಯಾದ ಮೇಲೆ ಹಾಕಿ.

ಫೋಟೋ ನೋಡಿ ಬಿಡಿಸುವುದು ತಪ್ಪಾ?

ತಪ್ಪಲ್ಲ, ಆದರೆ ಅದನ್ನೇ ಚಟ ಮಾಡಿಕೊಳ್ಳಬೇಡಿ. ಮೊಬೈಲ್ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಮೂಗು ಇದ್ದದ್ದಕ್ಕಿಂತ ದೊಡ್ಡದಾಗಿ, ಕಿವಿ ಚಿಕ್ಕದಾಗಿ ಬರುತ್ತದೆ. ಕ್ಯಾಮೆರಾದ ತಪ್ಪನ್ನೇ ನೀವು ಆ ಮನುಷ್ಯನ ಗುಣ ಅಂದುಕೊಂಡು ಹಿಗ್ಗಿಸುತ್ತೀರಿ. ಫೋಟೋ ಬೇಕೇ ಬೇಕಾದರೆ ಒಬ್ಬರದೇ ನಾಲ್ಕೈದು ಫೋಟೋ ಇಟ್ಟುಕೊಳ್ಳಿ. ಸಾಧ್ಯವಾದರೆ ಅವರು ಮಾತಾಡುವ ವಿಡಿಯೋ ನೋಡಿ. ಬೇರೆಯವರು ತೆಗೆದ ಫೋಟೋವನ್ನು ಹಾಗೇ ನಕಲು ಮಾಡಿ ಮಾರಬೇಡಿ, ಅದರ ಹಕ್ಕು ತೆಗೆದವರದು.

ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸು ಬರುತ್ತದೆ. ಏನು ಉಪಾಯ?

ಕರಾವಳಿಯಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜುಲೈಯಲ್ಲಿ ಕಾಗದ ಗಾಳಿಯ ತೇವವನ್ನೇ ಕುಡಿದು ಉಬ್ಬುತ್ತದೆ. ಪೆನ್ಸಿಲ್ ಜಾರುವ ಬದಲು ಕಚ್ಚುತ್ತದೆ, ಇಂಕು ಹರಡುತ್ತದೆ. ನನ್ನ ಮೊದಲ ವರ್ಷದ ಮೂರು ಪುಸ್ತಕ ಗೋಡೆಗೆ ತಾಗಿದ ಮರದ ಕಪಾಟಿನಲ್ಲಿ ಇದ್ದವು. ಚೌತಿ ಹೊತ್ತಿಗೆ ತೆಗೆದು ನೋಡಿದರೆ ಹಾಳೆಗಳು ಒಂದಕ್ಕೊಂದು ಅಂಟಿ, ಕಂದು ಚುಕ್ಕಿ ಬಿದ್ದು, ಅಜ್ಜಿಯ ನಾಲ್ಕು ಸ್ಕೆಚ್ ಹೋಗಿಯೇ ಬಿಟ್ಟಿದ್ದವು. ಅಜ್ಜಿ ಆಗ ಇರಲಿಲ್ಲ.

ಆಮೇಲಿನಿಂದ ಪುಸ್ತಕಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ತುಂಬಿದ ಪುಸ್ತಕ ಡಬ್ಬಿಗೆ ಹೋಗುವ ಮೊದಲು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ. ಹೊರಗಿನ ಗೋಡೆಗೆ ತಾಗಿದ ಕಪಾಟು ಬೇಡ. ಬಿಸಿಲು ಬಂದ ದಿನ ಕಿಟಕಿ ಹತ್ತಿರ, ನೇರ ಬಿಸಿಲಿಗಲ್ಲ, ಪುಟ ಬಿಡಿಸಿ ನಿಲ್ಲಿಸಿ. ಹೊರಗೆ ಹೋಗುವಾಗ ನೀರಿಗೆ ಕರಗದ ಪಿಗ್ಮೆಂಟ್ ಇಂಕಿನ ಪೆನ್ ಒಯ್ಯಿರಿ. ಬಾಲ್ ಪೆನ್ ಗೆರೆ ಮಳೆಹನಿಗೆ ಹೆದರುವುದಿಲ್ಲ, ಆದರೆ ಬೆಳಕಿಗೆ ವರ್ಷಗಳಲ್ಲಿ ಮಾಸುತ್ತದೆ. ಮುಖ್ಯವಾದ ಚಿತ್ರಗಳನ್ನು ಸ್ಕ್ಯಾನ್ ಮಾಡಿಡಿ.

ಕ್ಲಾಸಿಗೆ ಸೇರಬೇಕಾ?

ಸೇರಿದರೆ ಒಳ್ಳೆಯದು, ಸೇರದಿದ್ದರೆ ನಷ್ಟವಿಲ್ಲ. ಮಂಗಳೂರಿನಲ್ಲಿ ಮಹಾಲಸಾ ಕಲಾ ಕಾಲೇಜು ಇದೆ. ಎರಡೂ ಊರಿನಲ್ಲಿ ಸಂಜೆ, ವಾರಾಂತ್ಯದ ತರಗತಿ ನಡೆಸುವವರು ಇದ್ದಾರೆ. ಮಕ್ಕಳಾದರೆ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಬಹುದು, ಅಳತೆ ಮತ್ತು ಶಿಸ್ತು ಬರುತ್ತದೆ. ನನ್ನ ಅನುಭವದಲ್ಲಿ ಹವ್ಯಾಸಿಗೆ ಕ್ಲಾಸಿಗಿಂತ ಹೆಚ್ಚು ಬೇಕಾದದ್ದು ಜೊತೆ. ಪತ್ರಿಕೆಯ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಸಿಯಾಟಲ್‌ನಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಅನ್ನುವ ಬಳಗ ಈಗ ಜಗತ್ತಿನ ಎಷ್ಟೋ ಊರುಗಳಲ್ಲಿದೆ. ಅದರ ಬುಡದಲ್ಲಿ ಇರುವುದು ಇಷ್ಟೇ: ಒಟ್ಟಿಗೆ ಹೋಗಿ, ಎದುರಿಗಿರುವುದನ್ನು ನೋಡಿ ಬಿಡಿಸಿ, ಕೊನೆಗೆ ಪುಸ್ತಕಗಳನ್ನು ನೆಲದ ಮೇಲೆ ಹರಡಿ ಎಲ್ಲರೂ ನೋಡುವುದು. ಮೂರು ಜನ ಸಿಕ್ಕರೆ ನಿಮ್ಮಲ್ಲೂ ಆಗುತ್ತದೆ. ನಾವು ಬಿಡಿಸಿ ಮುಗಿದ ಮೇಲೆ ಬನ್ಸ್ ತಿನ್ನುತ್ತೇವೆ.

ಯಾರ ಕೆಲಸ ನೋಡಿ ಕಲಿಯಬೇಕು?

ಮೊದಲು ಕೆ.ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಅವರ ತೈಲವರ್ಣ ಒಂದು ಕಡೆ ಇರಲಿ, ರೇಖಾಚಿತ್ರ ನೋಡಿ. ಕೈ ಎತ್ತದೆ ಓಡಿದ ಗೆರೆಯಲ್ಲಿ ಕುಣಿಯುವವರು, ಬಾರಿಸುವವರು ಎದ್ದು ನಿಲ್ಲುತ್ತಾರೆ. ಲಯ ಮೈಗೆ ಬರಬೇಕು ಅಂತ ಅವರು ಕಥಕ್ ಕೂಡ ಕಲಿತಿದ್ದರು. ಅದನ್ನು ಓದಿದ ಮೇಲೆ ನಾನೂ ಭಂಗಿ ಬಿಡಿಸುವ ಮೊದಲು ಒಮ್ಮೆ ಎದ್ದು ಹಾಗೆ ನಿಂತು ನೋಡುತ್ತೇನೆ. ಯಾವ ಸ್ನಾಯು ಎಳೆಯುತ್ತದೆ ಅಂತ ತಿಳಿದರೆ ಗೆರೆಯೂ ಅಲ್ಲಿ ಬಿಗಿಯಾಗುತ್ತದೆ.

ಆರ್.ಕೆ. ಲಕ್ಷ್ಮಣ್, ಮೈಸೂರಿನವರು. ಅವರ ರಾಜಕೀಯ ಕಾರ್ಟೂನುಗಳನ್ನು ಎಲ್ಲರೂ ನೋಡಿದ್ದಾರೆ. ನೀವು ಅವರ ಕಾಗೆಗಳನ್ನು ಹುಡುಕಿ ನೋಡಿ. ಚಿಕ್ಕಂದಿನಿಂದ ಕೊನೆಯವರೆಗೂ ಕಾಗೆ ಬಿಡಿಸಿದವರು ಅವರು. ಒಂದೇ ಹಕ್ಕಿಯನ್ನು ಅಷ್ಟು ವರ್ಷ ನೋಡಿದರೂ ಬೇಸರ ಬರಲಿಲ್ಲ ಅನ್ನುವುದೇ ನನಗೆ ದೊಡ್ಡ ಪಾಠ. ಅವರು ಎಳೆಯ ವಯಸ್ಸಿನಲ್ಲಿ ಹಾಸ್ಯ ಲೇಖಕ ರಾಶಿ (ಡಾ. ಎಂ. ಶಿವರಾಂ) ಅವರ 'ಕೊರವಂಜಿ' ಪತ್ರಿಕೆಗೂ ಬಿಡಿಸುತ್ತಿದ್ದರು.

ನಮ್ಮ ಕುಂದಾಪುರದ ಕಡೆಯಿಂದ ಪಂಜು ಗಂಗೊಳ್ಳಿ, ಸತೀಶ್ ಆಚಾರ್ಯ ಬಂದಿದ್ದಾರೆ. ಇಬ್ಬರ ಕ್ಯಾರಿಕೇಚರ್ ಪಕ್ಕ ಪಕ್ಕ ಇಟ್ಟು ನೋಡಿ, ಒಂದೇ ಮುಖಕ್ಕೆ ಎಷ್ಟು ದಾರಿ ಇವೆ ಅಂತ ಗೊತ್ತಾಗುತ್ತದೆ. ಕುಂದಾಪುರದಲ್ಲಿ ನಡೆಯುವ ಕಾರ್ಟೂನು ಹಬ್ಬವನ್ನು ತಪ್ಪಿಸಬೇಡಿ. ಬೆಂಗಳೂರಿಗೆ ಹೋದರೆ ಎಂ.ಜಿ. ರಸ್ತೆ ಪಕ್ಕದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಒಂದು ಸುತ್ತು ಹಾಕಿ.

ಇನ್ನು ಮಂಗಳೂರಿನ ಸೈಂಟ್ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಜೆಸ್ವಿಟ್ ಕಲಾವಿದ ಆಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಗೆ ಅದರ ಗೋಡೆ, ಮಾಡುಗಳನ್ನು ತುಂಬಿದರು. ಬೆರಗಾಗಿ ತಲೆ ಎತ್ತಿ ನೋಡುವುದರ ಜೊತೆಗೆ ಅಲ್ಲಿನ ಕೈಗಳನ್ನು ನೋಡಿ. ಬೆರಳುಗಳು ಮಡಚುವ ಬಗೆ ನೋಡಿ. ಒಳಗೆ ಕೂತು ಬಿಡಿಸಬೇಕಾದರೆ ಅಲ್ಲಿನವರನ್ನು ಮೊದಲು ಕೇಳಿ.

ಟ್ಯಾಬ್‌ನಲ್ಲಿ ಕಲಿಯಬಹುದಾ?

ಬಹುದು. ಹಿಂದಕ್ಕೆ ಅಳಿಸುವ ಬಟನ್ ಮಾತ್ರ ಮುಟ್ಟಬೇಡಿ. ರಬ್ಬರಿನ ಬಗ್ಗೆ ಹೇಳಿದ್ದೇ ಅದಕ್ಕೂ.

ಮದುವೆ, ಕಾರ್ಯಕ್ರಮಗಳಲ್ಲಿ ಕೂತು ಬಿಡಿಸಿ ದುಡ್ಡು ಮಾಡಬಹುದಾ?

ಮಾಡುವವರಿದ್ದಾರೆ. ಒಂದು ಮುಖಕ್ಕೆ ಐದು ನಿಮಿಷ, ಎದುರಿಗೆ ಸಾಲು, ನೆತ್ತಿಯ ಮೇಲೆ ಸ್ಪೀಕರ್. ಆ ವೇಗಕ್ಕೆ ಕೈ ಪಳಗಬೇಕು. ಮೊದಲು ನೆಂಟರ ಮನೆಯ ಕಾರ್ಯಕ್ರಮದಲ್ಲಿ ದುಡ್ಡಿಲ್ಲದೆ ಐವತ್ತು ಮುಖ ಬಿಡಿಸಿ. ಮುವತ್ತನೇ ಮುಖದ ಹೊತ್ತಿಗೂ ಎದುರಿನವರ ಮೇಲೆ ಕುತೂಹಲ ಉಳಿದಿದ್ದರೆ ಆ ಕೆಲಸ ನಿಮಗೆ ಒಗ್ಗುತ್ತದೆ.

ಹಳೆಯ, ಕೆಟ್ಟದಾಗಿ ಬಂದ ಚಿತ್ರಗಳನ್ನು ಹರಿದು ಹಾಕಬಹುದಾ?

ಬೇಡ. ಪ್ರತಿ ಪುಟದ ಮೂಲೆಯಲ್ಲಿ ತಾರೀಖು, ಜಾಗ ಬರೆದಿಡಿ. ಸಾಧ್ಯವಾದರೆ ಕೇಳಿಸಿದ ಒಂದು ಮಾತು ಕೂಡ. ಬೂಸು ಹಿಡಿದ ಆ ಪುಸ್ತಕದಲ್ಲಿ ಅಜ್ಜಿಯ ಒಂದು ಸ್ಕೆಚ್ ಮಾತ್ರ ಉಳಿದಿದೆ. ಹೋಲಿಕೆ ಸರಿಯಿಲ್ಲ, ಕಣ್ಣು ತೀರಾ ಮೇಲಿದೆ, ಹಣೆಯೇ ಇಲ್ಲ. ಆದರೆ ಅಡಿಕೆ ಕತ್ತರಿಸುವ ಕೈ ಅವರದೇ. ಮೂಲೆಯಲ್ಲಿ ಬರೆದ ಮಾತೂ ಓದಲು ಬರುತ್ತದೆ: "ಇನ್ನೂ ಆಗಲಿಲ್ವಾ ಮಗಾ?"